ಹುಲ್ಲು ಕಳೆಯಾದ ಊರಿನಲ್ಲಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು ಅರವತ್ತು ಕಿಲೋಮೀಟರು. ಗಾಜನೂರಿನ ಅಣೆಕಟ್ಟು ದಾಟಿ, ಸಕ್ರೆಬೈಲಿನ ಆನೆ ಬಿಡಾರವನ್ನು ಹಿಂದೆ ಹಾಕಿದರೆ ಮುಂದೆ ಮಂಡಗದ್ದೆ. ತುಂಗೆಯ ನಡುವಿನ ಮರಗಳ ಮೇಲೆ ಮಳೆಗಾಲದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು ಮರಿಗಳನ್ನು ಬೆಳೆಸಿಕೊಂಡು ಹೊರಡುವ ಕಾಲ. ನಾನು ಹೋದದ್ದು ಅಕ್ಟೋಬರಿನಲ್ಲಿ. ಮಳೆ ಬಿಟ್ಟು ವಾರವಾಗಿತ್ತು. ಗುಡ್ಡ, ಗದ್ದೆ, ರಸ್ತೆಯ ಪಕ್ಕದ ಚರಂಡಿ ಕೂಡ ಹಸಿರು. ಆ ಹಸಿರಿನ ನಡುವೆ ಒಂದು ಕಡೆ ಕಣ್ಣು ತಡೆದು ನಿಂತಿತು. ಅಡಿಕೆ ಮರಗಳ ತಲೆ ಹಸಿರಾಗಿಯೇ ಇದೆ. ಬುಡದ ನೆಲ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಅರಿಸಿನ ಬಳಿದಂತೆ ಹಳದಿ. ಬೇಸಿಗೆಯಲ್ಲಿ ಬೆಂಕಿ ಬಿದ್ದ ಗುಡ್ಡವನ್ನು ನೋಡಿದ್ದೇನೆ. ಇದು ಹಾಗಲ್ಲ, ಬೆಂಕಿಯಿಲ್ಲದೆ ಸುಟ್ಟಂತೆ ಇತ್ತು.

ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗನನ್ನು ಕೇಳಿದೆ. ಅವನು ಪುಸ್ತಕದಿಂದ ತಲೆಯೆತ್ತಿ ನೋಡಿ, "ಹುಲ್ಲಿಗೆ ಔಷಧಿ ಹೊಡೆದಿದಾರೆ ಸಾರ್" ಎಂದು ಮತ್ತೆ ಪುಸ್ತಕಕ್ಕೆ ಇಳಿದ.

ಔಷಧಿ! ಜ್ವರ ಬಿಡಿಸುವುದೂ ಔಷಧಿ, ಹುಲ್ಲು ಸಾಯಿಸುವುದೂ ಔಷಧಿ. ಕಳೆನಾಶಕ ಎಂಬುದು ಪತ್ರಿಕೆಯವರ ಮತ್ತು ಇಲಾಖೆಯವರ ಪದ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಗ್ಲೈಫೋಸೇಟ್ ಎಂದಿರುತ್ತದೆ. ಯಾವ ಕಂಪನಿಯದೇ ಆಗಲಿ, ಊರಿನವರ ಬಾಯಲ್ಲಿ ಅದು 'ರೌಂಡಪ್'. ಎಲ್ಲ ವನಸ್ಪತಿ ತುಪ್ಪವೂ 'ಡಾಲ್ಡಾ' ಆದ ಹಾಗೆ.

ನಾನು ಹೊರಟದ್ದೂ ಈ ರೌಂಡಪ್ಪಿನ ಬೆನ್ನು ಹತ್ತಿಯೇ. ಹಳೆಯ ಗೆಳೆಯನೊಬ್ಬನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅವಳ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. 'ಗ್ಲೈಫೋಸೇಟ್ ಕಳೆನಾಶಕವನ್ನು ಪೂರ್ತಿಯಾಗಿ ನಿಷೇಧಿಸಬೇಕು' ಎಂಬುದು ವಿಷಯ. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಪರ. "ಮಾವ, ಸ್ವಲ್ಪ ಪಾಯಿಂಟ್ಸ್ ಕೊಡಿ" ಎಂದು ಫೋನ್ ಮಾಡಿದ್ದಳು. ತಮಾಷೆಯೆಂದರೆ ಅವಳ ಅಪ್ಪಯ್ಯನೇ ವರ್ಷಕ್ಕೆ ಎರಡು ಸಲ ತೋಟಕ್ಕೆ ಅದನ್ನು ಹೊಡೆಸುತ್ತಾನೆ. ಪಾಯಿಂಟ್ಸ್ ಆಮೇಲೆ ನೋಡೋಣ, ಎರಡು ದಿನ ಊರು ಸುತ್ತೋಣ ಎಂದು ಚೀಲ ಹೆಗಲಿಗೇರಿಸಿದ್ದೆ.

ತೀರ್ಥಹಳ್ಳಿ ಪೇಟೆಯಲ್ಲಿ ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಗೊಬ್ಬರ, ಔಷಧಿ ಮಾರುವ ಅಂಗಡಿಯೊಂದರ ಬೆಂಚಿನ ಮೇಲೆ ಕುಳಿತೆ. ಒಳಗೆ ಮೈಲುತುತ್ತದ ಚೀಲಗಳು, ಸುಣ್ಣ, ಪಂಪಿನ ವಾಷರ್‌ಗಳು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಮುಗಿದಿದ್ದರಿಂದ ಮೈಲುತುತ್ತ ಮೂಲೆ ಸೇರಿತ್ತು. ಎದುರಿನ ಸಾಲು ಪೂರ್ತಿ ಹುಲ್ಲಿನ ಔಷಧಿಯದು. ಅಂಗಡಿಯವರನ್ನು ನಿಷೇಧದ ಬಗ್ಗೆ ಕೇಳಿದೆ. "ಬಂದ್ ಆಗ್ತದಂತೆ ಅಂತ ಪೇಪರಲ್ಲಿ ಬಂದರೆ ಆ ವಾರ ಡಬಲ್ ವ್ಯಾಪಾರ. ಇದ್ದಾಗಲೇ ತಗೊಂಡಿಡೋಣ ಅಂತ ಬರ್ತಾರೆ. ಹಾಗೆ ಎಷ್ಟು ಸಲ ಬಂತು ಹೇಳಿ?" ಎಂದು ನಕ್ಕರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. 2019ರ ಫೆಬ್ರವರಿಯಲ್ಲಿ ನೆರೆಯ ಕೇರಳ ಸರ್ಕಾರ ಗ್ಲೈಫೋಸೇಟ್ ಮಾರಾಟ ಮತ್ತು ಬಳಕೆಯನ್ನು ನಿಲ್ಲಿಸಿತು. 2020ರ ಜುಲೈಯಲ್ಲಿ ಕೇಂದ್ರ ಕೃಷಿ ಸಚಿವಾಲಯ ಒಂದು ಕರಡು ಆದೇಶ ಹೊರಡಿಸಿ, 2022ರ ಅಕ್ಟೋಬರಿನಲ್ಲಿ ಅದನ್ನು ಅಂತಿಮಗೊಳಿಸಿತು. ಅದು ಪೂರ್ತಿ ನಿಷೇಧವಲ್ಲ. ಮನುಷ್ಯರ, ಪ್ರಾಣಿಗಳ ಆರೋಗ್ಯಕ್ಕೆ ಅಪಾಯವಿರುವುದರಿಂದ ಇದನ್ನು ರೈತರು ತಾವೇ ಹೊಡೆಯಬಾರದು, ತರಬೇತಿ ಪಡೆದ 'ಪೆಸ್ಟ್ ಕಂಟ್ರೋಲ್ ಆಪರೇಟರ್' ಮೂಲಕವೇ ಹೊಡೆಸಬೇಕು ಎಂದು ಅದರ ತಾತ್ಪರ್ಯ. ಚಿಕ್ಕದಾಗಿ ಪಿ.ಸಿ.ಓ. ಅಂಗಡಿಯವರು ಈ ಮಾತಿಗೆ ಮತ್ತೂ ನಕ್ಕರು. "ನಮ್ಮ ಊರಲ್ಲಿ ಪಿ.ಸಿ.ಓ. ಅಂದ್ರೆ ಹಳದಿ ಬೋರ್ಡಿನ ಫೋನ್ ಬೂತು ಮಾರಾಯ್ರೆ. ಅದೂ ಮುಚ್ಚಿ ವರ್ಷಗಳಾದವು."

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ಮಂಜೂರಾತಿ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ರಸ್ತೆಬದಿ, ರೈಲುಹಳಿ, ಪಾಳುಭೂಮಿ ಇಂಥವಕ್ಕೆ. ಅಡಿಕೆ ತೋಟದ ಹೆಸರು ಅದರಲ್ಲಿಲ್ಲ. ಅಂದರೆ ನಿಷೇಧ ಬೇಕೇ ಬೇಡವೇ ಎಂದು ನಾವು ಮಾತಾಡುತ್ತಿರುವ ಬಳಕೆ ಮೊದಲಿನಿಂದಲೂ ಕಾಗದದ ಮೇಲೆ ಇಲ್ಲದ್ದೇ.

ಗೆಳೆಯನ ಊರು ಆಗುಂಬೆ ರಸ್ತೆಯಿಂದ ಒಳಗೆ. ಬಸ್ಸಿಳಿದು ಒಂದು ಗುಡ್ಡ ಹತ್ತಿ ಇಳಿದರೆ ಕಣಿವೆ. ಕಣಿವೆಯ ಹೊಟ್ಟೆಯಲ್ಲಿ ಉದ್ದಕ್ಕೆ ಹರಡಿದ ತೋಟ. ಎರಡು ಸಾಲು ಮರ, ನಡುವೆ ನೀರು ಬಸಿಯುವ ಕಪ್ಪು, ಮತ್ತೆ ಎರಡು ಸಾಲು ಮರ. ಎಲ್ಲ ಕಪ್ಪುಗಳ ನೀರೂ ಕೆಳಗಿನ ಹಳ್ಳಕ್ಕೆ, ಹಳ್ಳ ತುಂಗೆಗೆ. ಅಲ್ಲಿಂದ ಸ್ವಲ್ಪ ದೂರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಇಂಥ ಕಡೆ ನೆಲ ಎಂಬುದು ಬರಿದಾಗಿ ಇರಲಾರದು. ಊರಿದ ಕೋಲೂ ಚಿಗುರುತ್ತದೆ.

ತೋಟದ ಬೇಲಿಯಂಚಿನಲ್ಲಿ ಆಳೆತ್ತರಕ್ಕೆ ಬೆಳೆದಿದ್ದ ಕಮ್ಯುನಿಸ್ಟ್ ಗಿಡವನ್ನು ಗೆಳೆಯ ಕತ್ತಿಯಿಂದ ಸವರುತ್ತ ಒಳಗೆ ಕರೆದೊಯ್ದ. ಬಯಲುಸೀಮೆಯಲ್ಲಿ ಪಾರ್ಥೇನಿಯಂಗೆ ಕಾಂಗ್ರೆಸ್ ಗಿಡ ಎನ್ನುತ್ತಾರೆ, ಇಲ್ಲಿ ಈ ಗಿಡಕ್ಕೆ ಕಮ್ಯುನಿಸ್ಟ್. ಎರಡೂ ಹೊರದೇಶದಿಂದ ಬಂದವು, ಎರಡನ್ನೂ ಬುಡಸಮೇತ ಕಿತ್ತವರಿಲ್ಲ. ಉಳಿದ ಪಕ್ಷಗಳ ಹೆಸರಿಗೆ ಗಿಡಗಳು ಇನ್ನೂ ಬಂದಿಲ್ಲವೆಂದು ಕಾಣುತ್ತದೆ.

ಗೆಳೆಯನದು ಮೂರು ಎಕರೆ. ಅವನ ಲೆಕ್ಕ ಸರಳವಾಗಿತ್ತು. "ಕೊನೆಕೊಯ್ಲು ಶುರುವಾಗುವ ಮೊದಲು ತೋಟದ ನೆಲ ಕಾಣಬೇಕು. ಉದುರಿದ ಗೋಟು ಹೆಕ್ಕಬೇಕು, ಕೊನೆ ಹಿಡಿಯುವವನ ಕಾಲಿಗೆ ಹಾವು ಸಿಕ್ಕಬಾರದು. ಮೆಷಿನ್ನಲ್ಲಿ ಹುಲ್ಲು ಹೊಡೆಸಿದರೆ ಇಷ್ಟು ತೋಟಕ್ಕೆ ಇಬ್ಬರು ನಾಲ್ಕು ದಿನ ಬೇಕು. ಆ ಇಬ್ಬರೂ ಸಿಗಬೇಕಲ್ಲ. ಸಿಕ್ಕರೂ ಒಂದೂವರೆ ತಿಂಗಳಲ್ಲಿ ಹುಲ್ಲು ಮತ್ತೆ ಮೊಣಕಾಲಿಗೆ. ಔಷಧಿಯಾದರೆ ಒಬ್ಬನೇ ಒಂದು ದಿನದಲ್ಲಿ ಹೊಡೆದು ಹೋಗ್ತಾನೆ. ನಾಲ್ಕು ತಿಂಗಳು ನೆಮ್ಮದಿ."

"ಬಂದ್ ಮಾಡಿದರೆ?"

"ಮಾಡಲಿ. ಮಾಡುವವರು ಬಂದು ನಾಲ್ಕು ದಿನ ಹುಲ್ಲು ಹೊಡೆದು ಹೋಗಲಿ" ಎಂದ. ಕೋಪದಿಂದಲ್ಲ, ದಣಿದು. ಎಲೆಚುಕ್ಕೆ ರೋಗ ಅವನ ತೋಟದ ಒಂದು ಮೂಲೆಗೆ ಈಗಾಗಲೇ ಬಂದಿದೆ. ಅದರ ಚಿಂತೆಯ ಮುಂದೆ ಹುಲ್ಲಿನ ಚಿಂತೆ ಅವನಿಗೆ ಸಣ್ಣದು. ರೈತನ ಹತ್ತು ತಲೆನೋವುಗಳಲ್ಲಿ ಒಂದಕ್ಕೆ ಅಂಗಡಿಯಲ್ಲಿ ಸುಲಭದ ಮದ್ದು ಸಿಗುವಾಗ ಅದನ್ನು ಬಿಡು ಎನ್ನುವುದು ಹೊರಗಿನಿಂದ ಬಂದವನಿಗೆ ಸುಲಭ.

ಈ ದ್ರಾವಣ ಕೆಲಸ ಮಾಡುವ ಬಗೆಯನ್ನು ವಿಜ್ಞಾನ ಓದುವ ಮಕ್ಕಳು ತಿಳಿಯಬೇಕು. ಅದು ನಿಜಕ್ಕೂ ಜಾಣ ರಸಾಯನ. 1970ರಲ್ಲಿ ಅಮೆರಿಕದ ಮಾನ್‌ಸಾಂಟೊ ಕಂಪನಿಯ ಜಾನ್ ಫ್ರಾಂಜ್ ಎಂಬ ವಿಜ್ಞಾನಿ ಇದರ ಹುಲ್ಲು ಕೊಲ್ಲುವ ಗುಣ ಕಂಡುಹಿಡಿದರು. 1974ರಲ್ಲಿ ಮಾರುಕಟ್ಟೆಗೆ ಬಂತು. ಗಿಡಗಳು ತಮಗೆ ಬೇಕಾದ ಮೂರು ಅಮೈನೋ ಆಮ್ಲಗಳನ್ನು, ಎಂದರೆ ಫೀನೈಲ್‌ಅಲನೀನ್, ಟೈರೋಸೀನ್, ಟ್ರಿಪ್ಟೋಫ್ಯಾನ್‌ಗಳನ್ನು, ಶಿಕಿಮೇಟ್ ಮಾರ್ಗ ಎಂಬ ಒಂದು ರಾಸಾಯನಿಕ ಹಾದಿಯಲ್ಲಿ ತಯಾರಿಸಿಕೊಳ್ಳುತ್ತವೆ. ಗ್ಲೈಫೋಸೇಟ್ ಆ ಹಾದಿಯ ಒಂದು ಕಿಣ್ವವನ್ನು ತಡೆದು ನಿಲ್ಲಿಸುತ್ತದೆ. ಎಲೆಯ ಮೇಲೆ ಬಿದ್ದದ್ದು ಬೇರಿನ ತುದಿಯವರೆಗೆ ಇಳಿಯುತ್ತದೆ. ಗಿಡ ಕೂಡಲೇ ಸಾಯುವುದಿಲ್ಲ, ಒಂದೆರಡು ವಾರ ನಿಧಾನವಾಗಿ ಹಳದಿಯಾಗುತ್ತದೆ. ಬಸ್ಸಿನ ಕಿಟಕಿಯಿಂದ ನಾನು ಕಂಡದ್ದು ಅದನ್ನೇ. ಮನುಷ್ಯರಲ್ಲಿ, ದನಕರುಗಳಲ್ಲಿ ಈ ಹಾದಿಯೇ ಇಲ್ಲ; ನಾವು ಆ ಅಮೈನೋ ಆಮ್ಲಗಳನ್ನು ಊಟದಿಂದ ಪಡೆಯುತ್ತೇವೆ. ಹಾಗಾಗಿಯೇ ಇದು 'ಉಪ್ಪಿಗಿಂತ ಸಾಧು' ಎಂಬ ಮಾತು ಹಬ್ಬಿದ್ದು. ಆದರೆ ಮಣ್ಣಿನಲ್ಲಿ, ನಮ್ಮ ಕರುಳಿನಲ್ಲಿ ಇರುವ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಆ ಹಾದಿ ಇದೆ. ಜೊತೆಗೆ, ಬಾಟಲಿಯಲ್ಲಿ ಇರುವುದು ಗ್ಲೈಫೋಸೇಟ್ ಒಂದೇ ಅಲ್ಲ. ಎಲೆಗೆ ಅಂಟಲಿ ಎಂದು ಸೋಪಿನಂಥ ಪದಾರ್ಥ ಬೆರೆಸಿರುತ್ತಾರೆ. ಬಹಳ ಕಾಲದಿಂದ ಬಳಕೆಯಲ್ಲಿದ್ದ ಅಂಥ ಒಂದು ಮಿಶ್ರಣ ಮೀನಿಗೆ, ಗೊದಮೊಟ್ಟೆಗೆ ಗ್ಲೈಫೋಸೇಟಿಗಿಂತ ಹೆಚ್ಚು ವಿಷ.

ಮಧ್ಯಾಹ್ನ ಪಕ್ಕದ ತೋಟದಲ್ಲಿ ಔಷಧಿ ಹೊಡೆಯುವವನೇ ಸಿಕ್ಕ. ನಲವತ್ತರ ಆಸುಪಾಸು. ಬೆನ್ನ ಮೇಲೆ ಹದಿನಾರು ಲೀಟರಿನ ಕ್ಯಾನು, ಮೈಮೇಲೆ ಹಳೆಯ ಅಂಗಿ, ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಟವೆಲು. ಕ್ಯಾನಿನ ಮುಚ್ಚಳದಿಂದ ಒಸರಿ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಗ್ಲೌಸು, ಬೂಟು ಕೊಡೋದಿಲ್ವಾ?" ಎಂದು ಗೆಳೆಯನ ಮಗಳು ಕೇಳಿದಳು. ಅವಳ ಕೈಯಲ್ಲಿ ನೋಟ್‌ಬುಕ್ ಇತ್ತು.

"ಕೊಡ್ತಾರೆ ತಂಗಿ. ಈ ಸೆಕೆಯಲ್ಲಿ ಅದು ಹಾಕ್ಕೊಂಡು ಕಪ್ಪು ದಾಟಿದ್ರೆ ಅರ್ಧ ಗಂಟೆಯಲ್ಲಿ ನಾನೇ ಹಳದಿ ಆಗ್ತೇನೆ."

ನಿಷೇಧವಾದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದೆ. ಅವನು ಕ್ಯಾನು ಕೆಳಗಿಳಿಸಿ ಕಪ್ಪಿನ ನೀರಿನಲ್ಲಿ ಕೈ ತೊಳೆದ. "ಇದು ಬಂದ್ ಆದ್ರೆ ಗೌಡ್ರು ಮೆಷಿನ್ ಕೊಡ್ತಾರೆ. ಅದೂ ಬೆನ್ನಿಗೇ ಕಟ್ಟೋದು. ದಿನವಿಡೀ ಹೊಡೆದ್ರೆ ರಾತ್ರಿ ಊಟ ಮಾಡುವಾಗಲೂ ಕೈ ಗಡಗಡ ಅಂತದೆ. ಕಲ್ಲು ಹಾರಿ ನನ್ನ ಭಾವನ ಕಣ್ಣಿಗೆ ಬಡಿದಿತ್ತು. ನನ್ನನ್ನು ಕೇಳಿದ್ರೆ, ಔಷಧಿ ಒಂದು ದಿನದ ಕೆಲಸ, ಸಂಬಳ ಜಾಸ್ತಿ. ಮೆಷಿನ್ ನಾಲ್ಕು ದಿನದ ಕೆಲಸ. ಯಾವುದು ಒಳ್ಳೇದು ಅಂತ ನೀವೇ ಲೆಕ್ಕ ಹಾಕಿ ಅಣ್ಣಾ."

ಹುಡುಗಿ ಇದನ್ನು ಪರದ ಕಡೆ ಬರೆಯುವುದೋ ವಿರೋಧದ ಕಡೆ ಬರೆಯುವುದೋ ತಿಳಿಯದೆ ಪೆನ್ನು ಕಚ್ಚಿಕೊಂಡು ನಿಂತಳು. ಚರ್ಚಾಸ್ಪರ್ಧೆಯ ಭಾಷಣಗಳಲ್ಲಿ 'ರೈತ' ಎಂಬ ಪದ ಮೂವತ್ತು ಸಲ ಬರುತ್ತದೆ. ಕ್ಯಾನು ಹೊರುವವನು ರೈತನಲ್ಲ. ಅವನ ಹೆಸರಿನಲ್ಲಿ ಪಹಣಿ ಇಲ್ಲ. ಹೊಸ ನಿಯಮ ಬಯಸುವ ತರಬೇತಿ ಪಡೆದ ಆಪರೇಟರು ಯಾರಾದರೂ ಈ ಊರಿನಲ್ಲಿ ಆಗಬಹುದಾದರೆ ಅದು ಇವನೇ ಎಂದು ನನಗೆ ಅನ್ನಿಸಿತು. ತರಬೇತಿ ಎಲ್ಲಿ ಕೊಡುತ್ತಾರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಹಳ್ಳ ದಾಟಿ ಆಚೆ ದಡದ ಮನೆಗೆ ಹೋದೆವು. ಗಂಡ ತೀರಿಕೊಂಡ ಮೇಲೆ ಒಂದೂ ಕಾಲು ಎಕರೆ ತೋಟವನ್ನು ಒಬ್ಬರೇ ನೋಡಿಕೊಂಡು ಬರುತ್ತಿರುವ ಹೆಂಗಸು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ದೀಪಾವಳಿಗೆ ಬರುತ್ತಾನೆ. ಬೆಲ್ಲ, ನೀರು ಕೊಟ್ಟು ಕೂರಿಸಿದರು. ನಿಷೇಧದ ಮಾತು ಎತ್ತುತ್ತಲೇ ಅವರ ಮುಖ ಬಿಗಿಯಾಯಿತು.

"ಹಿಂದೆ ಐದಾರು ಹೆಂಗಸರು ಬಂದು ಕೈಯಲ್ಲೇ ಹುಲ್ಲು ಕೊಯ್ತಿದ್ರು. ಕೊಯ್ದ ಹುಲ್ಲು ಅವರ ಮನೆ ದನಕ್ಕೆ. ಈಗ ಅವರ ಮನೆಯಲ್ಲೂ ದನ ಇಲ್ಲ, ಹುಲ್ಲಿಗೆ ಯಾಕೆ ಬರ್ತಾರೆ? ಅವರ ಮಕ್ಕಳು ತೀರ್ಥಹಳ್ಳಿ ಅಂಗಡಿಗಳಲ್ಲಿ ಇದಾರೆ. ದೊಡ್ಡ ತೋಟದವರು ಮೆಷಿನ್ನಿನವರನ್ನು ಮೊದಲೇ ಹೇಳಿ ಇಟ್ಕೊಳ್ತಾರೆ. ನನ್ನ ಸರದಿ ಬರುವಾಗ ಅಡಿಕೆ ಉದುರಿ ಮಣ್ಣು ಸೇರಿರ್ತದೆ. ನಾನು ಬಾಟಲಿ ತಂದು ನಾನೇ ಹೊಡೀತೇನೆ. ಅದು ಪಾಪ ಅಂತ ಗೊತ್ತು. ಅದಿಲ್ಲದಿದ್ರೆ ತೋಟ ಗೇಣಿಗೆ ಕೊಟ್ಟು ಮಗನ ಮನೆಗೆ ಹೋಗ್ಬೇಕು. ಅಲ್ಲಿ ಎರಡನೇ ಮಹಡಿ."

ಇದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ. ನಿಷೇಧದ ಪರ ಬರೆಯುವವರು ಯಾರ ಬಳಿಯೂ ಕಂಡಿಲ್ಲ.

ಮರುದಿನ ಬೆಳಿಗ್ಗೆ ನೋಡಿದ್ದು ಬೇರೆಯೇ ತೋಟ. ಗುಡ್ಡದ ಆ ಪಕ್ಕದಲ್ಲಿ, ಇಪ್ಪತ್ತು ವರ್ಷಗಳಿಂದ ಔಷಧಿ ಹೊಡೆಯದವರು. ತೀರ್ಥಹಳ್ಳಿ ಸೀಮೆಯಲ್ಲಿ ಇಂಥವರು ಇಲ್ಲದಿಲ್ಲ. ಪುರುಷೋತ್ತಮ ರಾಯರ 'ಕೃಷಿ ಪ್ರಯೋಗ ಪರಿವಾರ' ಹುಟ್ಟಿದ್ದು ಇಲ್ಲಿಯೇ. ತೋಟದೊಳಗೆ ಕಾಲಿಟ್ಟರೆ ಹಾಸಿಗೆಯ ಮೇಲೆ ನಡೆದಂತೆ. ಬುಡದಲ್ಲಿ ದರಕು, ಸೋಗೆ, ಹಾಳೆ, ಕೊಚ್ಚಿದ ಹುಲ್ಲು. ಕೈಹಾಕಿದರೆ ಎರೆಹುಳು. ಕಪ್ಪಿನ ನೀರಿನಲ್ಲಿ ಏಡಿ. ಐದು ಜೇನುಪೆಟ್ಟಿಗೆ, ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ. ವರ್ಷಕ್ಕೆ ಎರಡು ಸಲ ಹುಲ್ಲು ಕೊಚ್ಚಿ ಅಲ್ಲೇ ಹಾಸುತ್ತಾರೆ. ಹುಲ್ಲು ಪೂರ್ತಿ ಸತ್ತ ತೋಟದಲ್ಲಿ ಜುಲೈ ಮಳೆಗೆ ಮೇಲ್ಮಣ್ಣು ಕೆಂಪಾಗಿ ಕಪ್ಪಿಗೆ ಇಳಿಯುವುದನ್ನೂ, ಔಷಧಿ ಹೊಡೆದ ಗದ್ದೆಯ ಅಂಚು ಬೇರಿನ ಹಿಡಿತವಿಲ್ಲದೆ ಕುಸಿಯುವುದನ್ನೂ ಅವರು ಕೈಬೀಸಿ ತೋರಿಸಿ ವಿವರಿಸಿದರು. ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ನೀರಿಗೆ ಸೇರುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಮಣ್ಣೇ ಹಳ್ಳಕ್ಕೆ ಹೋಗುವ ಕಡೆ ಆ ಮಾತಿಗೆ ಎಷ್ಟು ಬೆಲೆ?

ಇವರಾದರೂ ನಿಷೇಧದ ಪರ ಇರುತ್ತಾರೆ ಎಂದುಕೊಂಡು ಹುಡುಗಿ ನೋಟ್‌ಬುಕ್ ಬಿಚ್ಚಿದಳು. ಅವರು ತಲೆಯಾಡಿಸಿಬಿಟ್ಟರು.

"ಬೇಡ ಮಗಾ. ನಮ್ಮ ಮನೆಯಲ್ಲಿ ನಾವು ಮೂರು ಜನ ದುಡಿಯುವವರು ಇದ್ದೇವೆ. ಅದಕ್ಕೆ ನನ್ನ ತೋಟ ಹೀಗಿದೆ. ಹಳ್ಳದಾಚೆ ಇರುವ ಆ ಅಮ್ಮನಿಗೆ ನನ್ನ ಹಾಗೆ ಮಾಡು ಅಂತ ನಾನು ಹೇಗೆ ಹೇಳಲಿ? ಇನ್ನೊಂದು, ರೌಂಡಪ್ ನಿಲ್ಲಿಸಿದರೆ ಜನ ಏನು ತರ್ತಾರೆ? ಗ್ರಾಮೊಕ್ಸೋನ್ ತರ್ತಾರೆ. ಅದು ಇದಕ್ಕಿಂತ ಕೆಟ್ಟದ್ದು."

ಇದು ತೂಕದ ಮಾತು. ಗ್ರಾಮೊಕ್ಸೋನ್ ಎಂದರೆ ಪ್ಯಾರಾಕ್ವಾಟ್. ಒಂದೆರಡು ಗುಟುಕು ಹೊಟ್ಟೆಗೆ ಹೋದರೂ ಜೀವ ಉಳಿಯುವುದು ಕಷ್ಟ. ಅದಕ್ಕೆ ಪ್ರತಿವಿಷ ಇಲ್ಲ. ಪಕ್ಕದ ಶ್ರೀಲಂಕಾದಲ್ಲಿ ನಡೆದದ್ದನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ಒಣಪ್ರದೇಶದ ಭತ್ತದ ರೈತರಲ್ಲಿ ಕಾರಣ ತಿಳಿಯದ ಮೂತ್ರಪಿಂಡದ ಕಾಯಿಲೆ ಹರಡಿತ್ತು. ಗ್ಲೈಫೋಸೇಟ್ ಮೇಲೆ ಅನುಮಾನ ಬಂದು 2015ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅನುಮಾನ ಇಂದಿಗೂ ಸಿದ್ಧವಾಗಿಲ್ಲ. ಗುಡ್ಡಗಾಡಿನ ಚಹಾ ತೋಟದವರು ಹುಲ್ಲು ತಡೆಯಲಾರದೆ ಬೇರೆ ಕಳೆನಾಶಕಗಳಿಗೆ ಕೈಹಾಕಿದರು. ಅವುಗಳಲ್ಲಿ ಎಂ.ಸಿ.ಪಿ.ಎ. ಎಂಬುದರ ಉಳಿಕೆ ಚಹಾದಲ್ಲಿ ಹೆಚ್ಚಿದೆಯೆಂದು ಜಪಾನ್ ತಕರಾರು ತೆಗೆಯಿತು. 2018ರಲ್ಲಿ ಚಹಾ ಮತ್ತು ರಬ್ಬರಿಗೆ ನಿಷೇಧ ಸಡಿಲಿಸಿದರು. 2022ರ ಆಗಸ್ಟಿನಲ್ಲಿ ಪೂರ್ತಿ ತೆಗೆದರು. ಏಳು ವರ್ಷಗಳಲ್ಲಿ ಕಾಗದ ಹಲವು ಸಲ ಬದಲಾಯಿತು. ಬಾಟಲಿಯಿಲ್ಲದೆ ಹುಲ್ಲನ್ನು ನಿಭಾಯಿಸಲು ರೈತನಿಗೆ ಆ ಕಾಗದದಲ್ಲಿ ಏನೂ ಇರಲಿಲ್ಲ.

"ಹಾಗಾದರೆ ನೀವು ಏನು ಮಾಡಬೇಕು ಅಂತೀರಿ?" ಎಂದು ಹುಡುಗಿ ಬಿಡದೆ ಕೇಳಿದಳು.

"ಪಂಚಾಯ್ತಿಗೆ ನಾಲ್ಕು ಮೆಷಿನ್ ಕೊಡಲಿ. ಹೊಡೆಯುವ ನಾಲ್ಕು ಹುಡುಗರಿಗೆ ಸಂಬಳ ಕೊಡಲಿ. ಸಣ್ಣ ತೋಟದವರ ಸರದಿ ಮೊದಲು ಬರಲಿ. ಆಮೇಲೆ ಬಂದ್ ಮಾಡಿದರೆ ನಾನೇ ಹೋಗಿ ಅಂಗಡಿ ಮುಂದೆ ಕೂರ್ತೇನೆ."

ಅವರ ತೋಟಕ್ಕೂ ಒಂದು ಕಷ್ಟವಿದೆ, ಅದನ್ನೂ ಮುಚ್ಚಿಡಲಿಲ್ಲ. ಹಾಸುವ ದರಕು ತರುವುದು ಸೊಪ್ಪಿನಬೆಟ್ಟದಿಂದ, ಬೇಸಿಗೆಯಲ್ಲಿ. ಮಂಗನ ಕಾಯಿಲೆ ಹರಡುವ ಉಣುಗು ಹೆಚ್ಚುವುದೂ ಆಗಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಎಷ್ಟೋ ಮನೆಗಳ ದೀಪ ಆರಿಸಿತು. ತೀರ್ಥಹಳ್ಳಿ ಕಡೆಯೂ ಅದು ಹೊಸದಲ್ಲ. ಆ ವರ್ಷದಿಂದ ದರಕಿಗೆ ಬರುವವರು ಕಡಿಮೆಯಾಗಿದ್ದಾರೆ. ರಾಸಾಯನಿಕ ಬಿಟ್ಟು ಕಾಡಿನ ಸೊಪ್ಪು ಹಾಸಿ ಎಂದು ಬರೆಯುವಾಗ ಆ ಸೊಪ್ಪು ಗುಡಿಸುವ ಹೆಂಗಸು ನಮಗೆ ನೆನಪಾಗುವುದಿಲ್ಲ.

ರಾತ್ರಿ ಊಟದ ಹೊತ್ತಿಗೆ ಗೆಳೆಯನ ಮನೆಯಲ್ಲೇ ಚರ್ಚಾಸ್ಪರ್ಧೆ ಶುರುವಾಯಿತು. ಮಗಳು ನೋಟ್‌ಬುಕ್ ತಂದು ಗೋಡೆಗೊರಗಿ ಕುಳಿತಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಗ್ಲೈಫೋಸೇಟನ್ನು 'ಬಹುಶಃ ಕ್ಯಾನ್ಸರ್ ತರುವ' 2ಎ ಗುಂಪಿಗೆ ಸೇರಿಸಿದೆ ಎಂಬುದು ಅವಳ ಮೊದಲ ಪಾಯಿಂಟು. ಅದೇ ವರ್ಷ ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ ಅದಕ್ಕೆ ವಿರುದ್ಧವಾದ ತೀರ್ಮಾನಕ್ಕೆ ಬಂತು. 2023ರಲ್ಲಿ ಯೂರೋಪು ಇನ್ನೂ ಹತ್ತು ವರ್ಷ ಬಳಕೆಗೆ ಒಪ್ಪಿಗೆ ಕೊಟ್ಟಿದೆ ಎಂದು ನಾನು ಎದುರು ಪಕ್ಷದ ಪಾಯಿಂಟನ್ನೂ ಹೇಳಿದೆ. ಒಂದು ಸಂಸ್ಥೆ ನೋಡಿದ್ದು ಆ ವಸ್ತುವಿಗೆ ಕ್ಯಾನ್ಸರ್ ತರುವ ಗುಣ ಇದೆಯೇ ಎಂದು. ಇನ್ನೊಂದರ ಕೆಲಸ ನಿಜವಾಗಿ ಮೈಗೆ ಸೇರುವ ಪ್ರಮಾಣದಲ್ಲಿ ಅಪಾಯ ಎಷ್ಟು ಎಂದು ತೂಗುವುದು. ಎರಡು ಪ್ರಶ್ನೆಗಳು ಬೇರೆ ಬೇರೆ, ಹಾಗಾಗಿ ಉತ್ತರಗಳೂ ಬೇರೆ. ಆದರೆ ಸೋರುವ ಕ್ಯಾನು ಹೊತ್ತವನ ಮೈಗೆ ಎಷ್ಟು ಸೇರುತ್ತದೆ ಎಂದು ಯೂರೋಪಿನ ಲೆಕ್ಕ ನಮಗೆ ಹೇಳಲಾರದು.

ಗೆಳೆಯ ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ. "ಆ ಕ್ಯಾನ್ಸರ್ ಸಂಸ್ಥೆಯವರು ಅಡಿಕೆ ಬಗ್ಗೆ ಎಂತ ಹೇಳಿದಾರೆ ಅದನ್ನೂ ಓದು."

ಅವಳು ಓದಲಿಲ್ಲ. ನನಗೆ ಗೊತ್ತಿತ್ತು. ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಒಂದನೇ ಗುಂಪಿನಲ್ಲಿ ಇಟ್ಟಿದೆ. ಅಲ್ಲಿ 'ಬಹುಶಃ' ಇಲ್ಲ. ಮಲೆನಾಡಿನ ಯಾವ ಮನೆಯಲ್ಲೂ ಜನ ಇಷ್ಟಪಟ್ಟು ಆಡುವ ಮಾತಲ್ಲ ಇದು. ಅಡಿಕೆ ಬೆಳೆಯುವವರ ಸಂಘಗಳು ಇದನ್ನು ಒಪ್ಪಿಲ್ಲ. ಗ್ಲೈಫೋಸೇಟ್ ವಿರುದ್ಧ ಮಾತಾಡಲು ಆ ಸಂಸ್ಥೆಯ ಹೆಸರು ಹಿಡಿದರೆ ಅಡಿಕೆಯ ವಿಷಯದಲ್ಲೂ ಅದನ್ನೇ ನಂಬಬೇಕಾಗುತ್ತದೆ. ಅಡಿಕೆ ವಿಷಯದಲ್ಲಿ ತಳ್ಳಿಹಾಕಿದರೆ ಕೈಯಲ್ಲಿದ್ದ ಒಳ್ಳೆಯ ಸಾಕ್ಷಿ ಹೋಗುತ್ತದೆ.

"ನಿನ್ನ ಕಾಲೇಜು ಫೀಸು ಆ ಒಂದನೇ ಗುಂಪಿನದ್ದೇ" ಎಂದು ಗೆಳೆಯ ಹೇಳಿದ. ಹೇಳಿದ ಮೇಲೆ ಅವನಿಗೇ ಜಾಸ್ತಿಯಾಯಿತೆನ್ನಿಸಿರಬೇಕು, ಮಜ್ಜಿಗೆ ಬಡಿಸಲು ಮಗಳನ್ನೇ ಕರೆದ. ಅವಳು ಬಡಿಸುತ್ತ, "ಅಪ್ಪಯ್ಯ, ನಾನು ಕ್ಯಾನ್ಸರ್ ಪಾಯಿಂಟು ತೆಗೀತೇನೆ. ಆದರೆ ಕ್ಯಾನು ಹೊಡೆಯುವವರ ಬೆನ್ನು ಒದ್ದೆ ಇತ್ತಲ್ಲ, ಅದನ್ನು ತೆಗೆಯೋದಿಲ್ಲ" ಎಂದಳು. ಅವನು ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹೊಸ ಕ್ಯಾನು ತರಬೇಕು, ಹೌದು" ಎಂದ.

ಈ ಎಲ್ಲ ಮಾತಿನ ನಡುವೆ ಒಂದೂ ಮಾತಾಡದೆ ಒಲೆಯ ಬಳಿ ಕುಳಿತಿದ್ದವರು ಗೆಳೆಯನ ತಾಯಿ. ಎಂಬತ್ತರ ಮೇಲೆ ವಯಸ್ಸು. ಕೈತೊಳೆದು ಬಂದು ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡಾಗ ಅವರೇ ಶುರು ಮಾಡಿದರು.

"ನೀವೆಲ್ಲ ಕಳೆ, ಕಳೆ ಅಂತೀರಿ. ನಾನು ಈ ಮನೆಗೆ 'ಹುಲ್ಲು' ಅಂತ ಕರೆಯುವ ಕಾಲದಲ್ಲಿ ಬಂದದ್ದು. ಹನ್ನೆರಡು ದನ ಇದ್ದವು. ತೋಟದ ಹುಲ್ಲು ಸಾಲುತ್ತಿರಲಿಲ್ಲ. ನಮ್ಮ ತೋಟದ ಹುಲ್ಲು ಪಕ್ಕದ ಮನೆಯವರು ಕೊಯ್ದರು ಅಂತ ಜಗಳ ಆಗಿ ಎರಡು ವರ್ಷ ಮಾತು ಬಿಟ್ಟಿದ್ವಿ. ದನ ಹೋದ ಮೇಲೆ ಅದು ಕಳೆ ಆಯಿತು."

ಕೊಟ್ಟಿಗೆಯಲ್ಲಿ ಈಗ ಬೈಕು, ಅಡಿಕೆ ಸುಲಿಯುವ ಯಂತ್ರ, ಗೊಬ್ಬರದ ಚೀಲ. ಕೊನೆಯ ಹಸುವನ್ನು ಕೊಟ್ಟದ್ದು ಯಾವಾಗ ಎಂದು ಕೇಳಿದೆ. ಸೊಸೆಗೆ ಸೊಂಟನೋವು ಬಂದ ವರ್ಷ ಎಂದರು. ಮತ್ತೆ ಅವರೇ, "ಕೊಟ್ಟಿಗೆ ಕೆಲಸ ನಾನು ಮಾಡಿದ್ದು ಸಾಕು, ಅವಳೂ ಮಾಡಬೇಕು ಅಂತ ನಾನು ಹೇಳೋದಿಲ್ಲ" ಎಂದು ಸೇರಿಸಿದರು.

ಆಮೇಲೆ ಬೆರಳು ಮಡಚುತ್ತ ತೋಟದಲ್ಲಿ ಸಿಗುತ್ತಿದ್ದುದನ್ನು ಎಣಿಸಿದರು. ಒಂದೆಲಗ, ಹೊನಗೊನೆ, ಕೆಸು, ಗಣಿಕೆ. ಜ್ವರ ಬಿಟ್ಟವರಿಗೆ ಒಂದು ತಂಬುಳಿ, ಬಾಣಂತಿಗೆ ಇನ್ನೊಂದು. ಒಂದು ಕೈಯ ಬೆರಳು ಮುಗಿದು ಇನ್ನೊಂದಕ್ಕೆ ಹೋದರು. ಮೊಮ್ಮಗಳು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಕೆಲವು ಹೆಸರು ಅವಳಿಗೆ ಗೊತ್ತಿರಲಿಲ್ಲ, ಎರಡೆರಡು ಸಲ ಕೇಳಿದಳು. ಔಷಧಿ ಬಂದ ಮೇಲೆ ತೋಟದಲ್ಲಿ ಮತ್ತೆ ಬರುವುದು ಬೇರೆ ಹುಲ್ಲು ಎಂದು ಅಜ್ಜಿ ಹೇಳಿದರು. ಒಂದೆಲಗ ಹೋದ ಜಾಗಕ್ಕೆ ಒಂದೆಲಗ ಬರುವುದಿಲ್ಲ, ಕೊನ್ನಾರಿ ಬರುತ್ತದೆ.

ಮರುದಿನ ಬೆಳಿಗ್ಗೆ ಆರೂಮುಕ್ಕಾಲರ ಬಸ್ಸಿಗೆ ಹೊರಟೆ. ಗೆಳೆಯ ಕೊಟ್ಟಿಗೆಯಲ್ಲಿ ಹಳೆಯ ಕ್ಯಾನಿನ ಮುಚ್ಚಳ ಬಿಚ್ಚಿ ವಾಷರ್ ನೋಡುತ್ತಿದ್ದ. ಸ್ಪರ್ಧೆಗೆ ಇನ್ನೂ ನಾಲ್ಕು ದಿನ ಇತ್ತು. ಮಗಳು ಪರವಾಗಿ ಮಾತಾಡುವುದೇ ಸರಿ ಎಂದು ನಿಶ್ಚಯಿಸಿದ್ದಳು. ಆದರೆ ಪಂಚಾಯ್ತಿಯ ನಾಲ್ಕು ಮೆಷಿನ್ನನ್ನು ಮೊದಲು ಹೇಳಿ, ನಿಷೇಧವನ್ನು ಕೊನೆಗೆ ಹೇಳುತ್ತಾಳಂತೆ. ಹಾಗೆ ಮಾಡಿದರೆ ತೀರ್ಪುಗಾರರು ಅಂಕ ಕಡಿಯುತ್ತಾರೆಯೇ ಎಂದು ಕೇಳಿದಳು. ಕಡಿಯಬಹುದು ಎಂದೆ.

ಅಜ್ಜಿ ಬಾಳೆಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದು ನನ್ನ ಚೀಲದ ಬಾಯಿಗೆ ತುರುಕಿದರು. ಒಂದೆಲಗ, ಬೇರಿನ ಮಣ್ಣು ಇನ್ನೂ ಒದ್ದೆ ಇತ್ತು.

"ಹೆದರಬೇಡಿ. ಬಚ್ಚಲ ಹಿಂದಿನದು, ನಾನೇ ನೆಟ್ಟದ್ದು" ಎಂದರು. "ತೋಟದ್ದಲ್ಲ."